ತೂಬು ತಿರುಗಿಸಿದವರು ಯಾರು?

ಸಿರುಗುಪ್ಪದ ಕಡೆ ಕಾಲುವೆಯ ಕೊನೆಯಲ್ಲಿ ಹೊಲವಿರುವ ರೈತನಿಗೆ ಒಂದು ಹಳೆಯ ಅನುಭವವುಂಟು. ರಾತ್ರಿ ಮಲಗುವ ಮುನ್ನ ಗದ್ದೆಗೆ ನೀರು ಹರಿಯುತ್ತಿರುತ್ತದೆ. ಬೆಳಗಿನ ಜಾವ ಎದ್ದು ನೋಡಿದರೆ ಹೊಲಗಾಲುವೆ ಬರಿದಾಗಿರುತ್ತದೆ. ಹೊಸಪೇಟೆಯ ಅಣೆಕಟ್ಟಿನಲ್ಲಿ ತುಂಗಭದ್ರೆಯ ನೀರುಂಟು, ಬಲದಂಡೆಯ ಕೆಳಮಟ್ಟದ ಕಾಲುವೆಯಲ್ಲಿಯೂ ನೀರು ಹರಿಯುತ್ತಿದೆ. ಹಾಗಾದರೆ ತನ್ನ ಪಾಲಿನದು ಎಲ್ಲಿ ಹೋಯಿತು? ಅವನು ಬ್ಯಾಟರಿ ಹಿಡಿದು ದಂಡೆಗುಂಟ ಮೇಲಕ್ಕೆ ನಡೆಯುತ್ತಾನೆ. ಎಲ್ಲಿಯೋ ಒಂದು ತೂಬು ಯಾರದೋ ಕೈಯಿಂದ ಒಂದು ಗೇಣು ಹೆಚ್ಚು ತೆರೆದುಕೊಂಡಿರುತ್ತದೆ. ತೂಬು ತಾನಾಗಿ ತಿರುಗುವುದಿಲ್ಲವೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಇದೇ ರೈತ ಮರುದಿನ ಪಹಣಿಗಾಗಿಯೋ ಪಡಿತರಕ್ಕಾಗಿಯೋ ಒಂದು ಕಿಟಕಿಯ ಮುಂದೆ ನಿಲ್ಲುತ್ತಾನೆ. ಒಳಗಿನಿಂದ “ಸರ್ವರ್ ಇಲ್ಲ, ನಾಳೆ ಬಾ” ಎಂಬ ಉತ್ತರ ಬರುತ್ತದೆ. ಅವನು ಮರುಮಾತಿಲ್ಲದೆ ಬಸ್ಸಿನ ದಾರಿ ಹಿಡಿಯುತ್ತಾನೆ. ಕಾಲುವೆಯ ವಿಷಯದಲ್ಲಿ ಪತ್ತೇದಾರನಾದವನು ಸರ್ವರಿನ ವಿಷಯದಲ್ಲಿ ದೈವವನ್ನು ನಂಬಿದವನಂತಾಗುತ್ತಾನೆ. ಅವನನ್ನು ಮಾತ್ರ ಏಕೆ ಹೇಳಬೇಕು? ಕಿಟಕಿಯ ಒಳಗಿರುವ ಗುಮಾಸ್ತನೂ, ಎಷ್ಟೋ ಸಲ ಅವನು ಕರೆಸುವ ತಂತ್ರಜ್ಞನೂ ಹಾಗೆಯೇ ನಂಬಿರುತ್ತಾರೆ. “ಸೆಟ್ಟಿಂಗು ತಾನೇ ಬದಲಾಯಿತು” ಎಂಬ ಮಾತು ಈ ದಿನಗಳಲ್ಲಿ ಕಚೇರಿಗಳಲ್ಲಿ, ಗಿರಣಿಗಳಲ್ಲಿ, ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಂಥ ಸಣ್ಣ ಉದ್ಯಮಗಳಲ್ಲಿ ಎಲ್ಲೆಲ್ಲಿಯೂ ಕೇಳಿಬರುವಂಥದು. ತೂಬಿಗಿರುವ ನ್ಯಾಯವೇ ಸರ್ವರಿಗೂ ಅನ್ವಯಿಸುತ್ತದೆಯೆಂದು ನಂಬಿ ದಂಡೆಗುಂಟ ನಡೆಯುವವರು ಕಡಮೆ.

ಸರ್ವರ್ ಎಂದರೆ ಮತ್ತೇನೂ ಅಲ್ಲ. ಇತರ ಗಣಕಯಂತ್ರಗಳು ಕೇಳಿದ್ದನ್ನು ಕೊಡಲು ಹಗಲಿರುಳು ಎಚ್ಚರವಾಗಿರುವ ಒಂದು ಗಣಕಯಂತ್ರ. ಜಾಲದಲ್ಲಿ ಅದು ಬಾಳುವೆ ಮಾಡಬೇಕಾದರೆ ನಾಲ್ಕು ಸಂಗತಿಗಳು ಅದಕ್ಕೆ ಗೊತ್ತಿರಬೇಕು: ತನ್ನ ವಿಳಾಸ, ತನ್ನ ಬೀದಿಯ ಎಲ್ಲೆ, ಬೀದಿಯಿಂದ ಹೊರಗೆ ಹೋಗುವ ಬಾಗಿಲು, ಹೆಸರು ಹೇಳಿದರೆ ವಿಳಾಸ ತಿಳಿಸುವವನು ಎಲ್ಲಿದ್ದಾನೆಂಬುದು. ವಿಳಾಸವನ್ನು ೧೯೨.೧೬೮.೧.೧೦ ಎಂಬಂತೆ ನಾಲ್ಕು ಅಂಕೆಗಳಲ್ಲಿ ಬರೆಯುತ್ತಾರೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ಊರುಗಳ ಮೂರು ಅಂಗಡಿಗಳಲ್ಲಿ ಇದೇ ಅಂಕೆಯ ವಿಳಾಸವಿದ್ದರೂ ತೊಂದರೆಯಿಲ್ಲ. ಊರೂರಿಗೊಂದು ತೇರುಬೀದಿಯಿರುವಂತೆ, ಮನೆಯೊಳಗಿನ ಬಳಕೆಗೆಂದೇ ಕೆಲವು ಅಂಕೆಗಳನ್ನು ೧೯೯೬ರ ನಿಯಮ ಮೀಸಲಿಟ್ಟಿದೆ.

ಪ್ರತಿ ಯಂತ್ರಕ್ಕೂ ಈ ನಾಲ್ಕನ್ನು ಕೈಯಿಂದ ಬರೆಯುತ್ತ ಕುಳಿತರೆ ಮುಗಿಯುವ ಕೆಲಸವಲ್ಲ. ಆದ್ದರಿಂದ ವಿಳಾಸಗಳನ್ನು ಗೇಣಿಗೆ ಕೊಡುವ ಒಂದು ಪದ್ಧತಿ ಬಂದಿತು. ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಅವರು ೧೯೯೩ರಲ್ಲಿ ಅದರ ನಿಯಮಗಳನ್ನು ಬರೆದರು. ಡಿಎಚ್‌ಸಿಪಿ ಎಂಬುದು ಅದರ ಹೆಸರು. ಯಂತ್ರ ಎಚ್ಚೆತ್ತೊಡನೆ “ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ, ಸಾಮಾನ್ಯವಾಗಿ ಮೊದಲು ಓಗೊಟ್ಟವರು ಕೊಟ್ಟುದನ್ನು ತೆಗೆದುಕೊಳ್ಳುತ್ತದೆ. ಗೇಣಿಯ ಅವಧಿ ಅರ್ಧ ಕಳೆದೊಡನೆ ನವೀಕರಣಕ್ಕೆ ಅರ್ಜಿ ಹಾಕುತ್ತದೆ. ಮೇಜಿನ ಮೇಲಿನ ಗಣಕಕ್ಕೆ, ಕೈಯಲ್ಲಿನ ಫೋನಿಗೆ ಇದು ಬಹಳ ಅನುಕೂಲ. ಆದರೆ ಸರ್ವರ್ ಗೇಣಿದಾರನಾಗಿರಬಾರದು. ಪಟ್ಟಾ ಇರುವ ಖಾತೆದಾರನಾಗಿರಬೇಕು. ಅದನ್ನು ಹುಡುಕಿಕೊಂಡು ಬರುವವರು ಹಳೆಯ ವಿಳಾಸಕ್ಕೇ ಬರುತ್ತಾರಲ್ಲವೆ?

ಇನ್ನು ಒಂದು ಅಕ್ಕಿ ಗಿರಣಿಯನ್ನು ಕಲ್ಪಿಸಿಕೊಳ್ಳೋಣ. ಇಂಥ ಹೆಸರಿನ ಗಿರಣಿ ಇಂಥಲ್ಲಿದೆಯೆಂದಲ್ಲ. ಆದರೆ ಇಲ್ಲಿ ನಡೆಯುವುದೆಲ್ಲ ಈ ಕೆಲಸದವರು ದಿನನಿತ್ಯ ಕಾಣುವಂಥದು. ಗಿರಣಿ ಇರುವುದು ಸಿರುಗುಪ್ಪದಲ್ಲಿ, ಅದರ ಉಗ್ರಾಣ ಕುರುಗೋಡಿನಲ್ಲಿ, ಮಾರಾಟದ ಅಂಗಡಿ ಬಳ್ಳಾರಿಯಲ್ಲಿ. ಗಿರಣಿಯ ಕಚೇರಿಯಲ್ಲಿ ಒಂದು ಸರ್ವರ್. ವೇಬ್ರಿಜ್ಜಿನ ಮೇಲೆ ಟ್ರಾಕ್ಟರು ನಿಂತು ಭತ್ತದ ತೂಕವಾದೊಡನೆ ಲೆಕ್ಕ ಅದಕ್ಕೆ ಸೇರಬೇಕು, ಚೀಟಿ ಅಚ್ಚಾಗಬೇಕು. ಕುರುಗೋಡಿನಲ್ಲಿ ಚೀಲ ಇಳಿದರೂ ಬಳ್ಳಾರಿಯಲ್ಲಿ ಚೀಲ ಮಾರಿದರೂ ಅದೇ ಲೆಕ್ಕಕ್ಕೆ ಬರಬೇಕು. ಸುಗ್ಗಿಯ ಕಾಲ. ಒಂದು ಬೆಳಗ್ಗೆ ಮೂರೂ ಕಡೆ ಲೆಕ್ಕ ನಿಂತಿತು. ರಸ್ತೆಯ ಮೇಲೆ ಟ್ರಾಕ್ಟರುಗಳ ಸಾಲು ಬೆಳೆಯಿತು. ಭತ್ತ ತಂದವರಲ್ಲಿ ಆ ಹಣದಿಂದಲೇ ಸಾಲದ ಕಂತು ಕಟ್ಟಬೇಕಾದವರಿದ್ದರು, ಮಗಳ ಮದುವೆಯ ಜವಳಿಗೆ ಹೊರಟವರಿದ್ದರು. ಚೀಟಿಯಿಲ್ಲದೆ ಹಣವಿಲ್ಲ.

“ಯಾರಪ್ಪಾ ಮುಟ್ಟಿದ್ದು ಅದನ್ನ?” ಎಂದರು ಸಾವುಕಾರರು.

“ಯಾರೂ ಮುಟ್ಟಿಲ್ಲ ಸಾವ್ಕಾರ್ರೇ, ಅದೇ ಬದ್ಲಾಗೈತೆ” ಎಂದ ಗುಮಾಸ್ತ.

ಮೊದಲು ಬಂದ ತಂತ್ರಜ್ಞ ಹಳೆಯ ವಿಳಾಸವನ್ನು ಮತ್ತೆ ಬರೆದು, ಯಂತ್ರ ಓಡಿದ್ದನ್ನು ತೋರಿಸಿ, ಹಣ ಪಡೆದು ಹೋದ. ನಾಲ್ಕು ದಿನಗಳ ಮೇಲೆ ಅದೇ ಗೋಳು. ಎರಡನೆಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡೋಣವೆಂದ. ಸುಗ್ಗಿಯ ದಿನಗಳಲ್ಲಿ ಒಂದು ಹಗಲು ಕಳೆದುಕೊಳ್ಳಲು ಸಾವುಕಾರರು ಒಪ್ಪಲಿಲ್ಲ. ಒಪ್ಪದುದೇ ಒಳ್ಳೆಯದಾಯಿತು. ಕಾರಣ ತಿಳಿಯದೆ ಎಲ್ಲವನ್ನೂ ಅಳಿಸುವುದೆಂದರೆ ಕಳ್ಳನ ಹೆಜ್ಜೆಯ ಗುರುತಿನ ಮೇಲೆ ಸಾರಿಸಿ ರಂಗೋಲಿ ಹಾಕಿದಂತೆ.

ಮೂರನೆಯವಳು ಬಳ್ಳಾರಿಯಿಂದ ಬಂದ ಒಬ್ಬ ತರುಣಿ. ಆಕೆ ಬಂದೊಡನೆ ಯಂತ್ರವನ್ನು ಸರಿಪಡಿಸಲು ಹೋಗಲಿಲ್ಲ. ಒಂದು ನೋಟು ಪುಸ್ತಕ ಕೇಳಿದಳು. ತಪ್ಪಾಗಿದ್ದ ನಾಲ್ಕೂ ಸಂಗತಿಗಳನ್ನು ತಪ್ಪಾಗಿದ್ದಂತೆಯೇ ಬರೆದುಕೊಂಡಳು. ಸರಿಪಡಿಸುವ ಅವಸರದಲ್ಲಿ ಜನ ಮೊದಲು ಅಳಿಸುವುದೇ ಈ ಸಾಕ್ಷ್ಯವನ್ನು.

“ಈ ಮೊದ್ಲು ಯಾವ್ಯಾವತ್ತು ಹಿಂಗಾಗಿತ್ತು?” ಎಂದು ಆಕೆ ಕೇಳಿದಾಗ ಗುಮಾಸ್ತನಿಗೆ ನೆನಪಿಲ್ಲ. ಆದರೆ ಲೆಕ್ಕ ನಿಂತ ದಿನಗಳಲ್ಲಿ ಅವನು ಕೈಯಿಂದ ಚೀಟಿ ಬರೆದುಕೊಟ್ಟಿದ್ದ. ಅವುಗಳ ಪ್ರತಿಗಳು ಪುಸ್ತಕದಲ್ಲಿದ್ದವು, ದಿನಾಂಕದೊಡನೆ. ಆಕೆ ಆ ದಿನಾಂಕಗಳನ್ನು ಒಂದು ಬದಿಗೆ ಬರೆದಳು. ಇನ್ನೊಂದು ಬದಿಗೆ, ಸರ್ವರು ತನ್ನ ದಿನಚರಿಯಲ್ಲಿ ತಾನೇ ಬರೆದಿಟ್ಟುಕೊಂಡಿದ್ದ, ಅದು ನಿಂತು ಮತ್ತೆ ಹೊತ್ತಿಕೊಂಡ ಗಳಿಗೆಗಳನ್ನು ಬರೆದಳು. ಎರಡನ್ನೂ ಜೋಡಿಸಿದಾಗ ಒಂದು ಸಂಗತಿ ಎದ್ದು ಕಂಡಿತು. ಲೆಕ್ಕ ಕೆಟ್ಟ ಪ್ರತಿ ದಿನವೂ ಅದರ ಹಿಂದೆ ಕರೆಂಟು ಹೋಗಿ ಬಂದಿತ್ತು. ಆದರೆ ಕರೆಂಟು ಹೋಗಿ ಬಂದ ಪ್ರತಿ ದಿನವೂ ಲೆಕ್ಕ ಕೆಟ್ಟಿರಲಿಲ್ಲ.

ಇಂಥ ಶೋಧದಲ್ಲಿ ಕಾಲವೇ ಮೊದಲ ಸಾಕ್ಷಿ. ಬದಲಾವಣೆ ಯಂತ್ರ ಎದ್ದಾಗಲೆಲ್ಲ ಆಗುವುದಾದರೆ, ಯಾರೋ ಕೊಟ್ಟ ಆಜ್ಞೆ ಆ ಹೊತ್ತಿನ ನೆನಪಿಗೆ ಮಾತ್ರ ಸೇರಿದೆ, ಕಡತಕ್ಕೆ ಇಳಿದಿಲ್ಲ. ಗೇಣಿಯ ಅರ್ಧ ಅವಧಿಗೆ ಸರಿಯಾಗಿ ಆಗುವುದಾದರೆ ವಿಳಾಸ ಕೊಡುವವನ ಕಡೆ ನೋಡಬೇಕು. ಅರ್ಧ ಗಂಟೆಗೊಮ್ಮೆ ಗಡಿಯಾರ ಹೊಡೆದಂತೆ ಆಗುವುದಾದರೆ ಅದು ಮನುಷ್ಯನ ಕೈಯಲ್ಲ. ನೂರಾರು ಸರ್ವರುಗಳನ್ನು ಒಂದೇ ಕಡೆಯಿಂದ ತಿದ್ದುವ ಮೇಲ್ವಿಚಾರಕ ತಂತ್ರಾಂಶಗಳುಂಟು; ೧೯೯೩ರಲ್ಲಿ ಓಸ್ಲೋ ನಗರದಲ್ಲಿದ್ದ ಮಾರ್ಕ್ ಬರ್ಜೆಸ್ ಇಂಥ ಮೊದಲಿನವುಗಳಲ್ಲೊಂದನ್ನು ರಚಿಸಿದರು. ಸ್ಥಳದಲ್ಲಿ ಯಾರಾದರೂ ಕೈಯಿಂದ ತಿದ್ದಿದರೆ, ಅದನ್ನು ತಪ್ಪೆಂದೇ ಬಗೆದು ತನ್ನ ಪಟ್ಟಿಯಂತೆ ಮತ್ತೆ ತಿದ್ದುವುದು ಅವುಗಳ ಧರ್ಮ. ಪಾಪ, ಅವು ಕೆಡಿಸುವುದಿಲ್ಲ, ನಿಷ್ಠೆಯಿಂದ ದುಡಿಯುತ್ತವೆ. ಹೆಸರುಗಳ ವಿಳಾಸ ಹೇಳುವವನನ್ನು ಸೂಚಿಸುವ ಕಡತವನ್ನು ಲಿನಕ್ಸ್ ಯಂತ್ರಗಳಲ್ಲಿ ಎರಡು ಮೂರು ತಂತ್ರಾಂಶಗಳು ತಮ್ಮ ತಮ್ಮ ಹಕ್ಕೆಂದು ಬರೆಯುವುದುಂಟು. “ಇದು ಇಂಥ ತಂತ್ರಾಂಶ ಬರೆದ ಕಡತ; ಕೈಯಿಂದ ತಿದ್ದಬೇಡಿ” ಎಂದು ಅದರ ಮೊದಲ ಸಾಲಿನಲ್ಲಿಯೇ ಎಚ್ಚರಿಕೆಯಿರುತ್ತದೆ. ಅಪರಾಧಿ ತನ್ನ ಹೆಸರನ್ನು ತಾನೇ ಬಾಗಿಲ ಮೇಲೆ ಬರೆದಿದ್ದರೂ ಅದನ್ನು ಓದದೆ ಒಳಹೊಕ್ಕು ತಿದ್ದುವವರೇ ಹೆಚ್ಚು! ಇನ್ನು ಕೆಲವರು ಕಡತವನ್ನು ಯಾರೂ ಬರೆಯದಂತೆ ಬೀಗ ಹಾಕಿಬಿಡುತ್ತಾರೆ. ತೂಬಿಗೆ ಬೀಗ ಜಡಿದರೆ ಮೇಲಿನ ದಂಡೆ ಒಡೆಯುವುದೇ ಹೊರತು ನೀರಿನ ವ್ಯಾಜ್ಯ ತೀರುವುದಿಲ್ಲ.

ಮತ್ತೊಂದು ಕಾರಣವನ್ನೂ ಹೇಳಿಬಿಡಬಹುದು. ಎರಡು ಜಾಲದ ಕಾರ್ಡುಗಳಿರುವ ಯಂತ್ರದಲ್ಲಿ, ಯಾವುದು ಮೊದಲು ಎಚ್ಚೆತ್ತಿತೋ ಅದಕ್ಕೆ ಮೊದಲನೆಯ ಹೆಸರು ಎಂಬ ರೂಢಿ ಹಿಂದೆ ಇತ್ತು. ಅಣ್ಣತಮ್ಮಂದಿರ ಹೆಸರು ಒಂದೊಂದು ಬೆಳಗ್ಗೆ ಅದಲುಬದಲಾದರೆ ಮನೆಯ ಪಾಡೇನು? ೨೦೧೩ರಿಂದ ಲಿನಕ್ಸಿನಲ್ಲಿ ಕಾರ್ಡು ಕುಳಿತ ಸ್ಥಳವನ್ನು ನೋಡಿ ಹೆಸರಿಡುವ ಕ್ರಮ ಬಂದಿತು. ಆದರೂ ಧೂಳು ಒರೆಸಲೆಂದು ಕಾರ್ಡು ಕಿತ್ತವರು ಅದನ್ನು ಬೇರೆ ಕಂಡಿಯಲ್ಲಿ ಸಿಕ್ಕಿಸಿದರೆ ಹೆಸರು ಬದಲಾಗುತ್ತದೆ. ಬಳ್ಳಾರಿ ಸೀಮೆಯ ಧೂಳು ಬಲ್ಲವರು ಇದನ್ನು ಅಪರೂಪವೆನ್ನಲಾರರು.

ಗಿರಣಿಗೆ ಹಿಂದಿರುಗೋಣ. ತರುಣಿ ಬರೆದುಕೊಂಡ ತಪ್ಪು ವಿಳಾಸ ೧೯೨.೧೬೮.೦.೧೦೩ ಎಂದಿತ್ತು. ಇರಬೇಕಾದುದು ೧೯೨.೧೬೮.೧.೧೦. ಕೊನೆಯ ಅಂಕೆ ಬೇರೆಯಾದರೆ ಮನೆ ಬೇರೆ. ಇಲ್ಲಿ ಮೂರನೆಯ ಅಂಕೆಯೇ ಬೇರೆ, ಅಂದರೆ ಬೀದಿಯೇ ಬೇರೆ. ಗಿರಣಿಯ ರೂಟರು ಒಂದನೆಯ ಬೀದಿಯದು; ಸೊನ್ನೆಯ ಬೀದಿಯ ವಿಳಾಸವನ್ನು ಅದು ಕೊಡುವಂತಿಲ್ಲ. ಹಾಗಾದರೆ ಈ ಕಟ್ಟಡದಲ್ಲಿ ವಿಳಾಸ ಕೊಡುವ ಇನ್ನೊಬ್ಬರಿದ್ದಾರೆ. ಗೇಣಿಯ ಚೀಟಿಯಲ್ಲಿ ಕೊಟ್ಟವರ ವಿಳಾಸವೂ ಇತ್ತು: ೧೯೨.೧೬೮.೦.೧.

ಅಷ್ಟಕ್ಕೇ ಆಕೆ ತೃಪ್ತಳಾಗಲಿಲ್ಲ. ಸರ್ವರಿಗೆ ಸ್ಥಿರ ವಿಳಾಸವಿದ್ದಿದ್ದರೆ ಅದು ಯಾರನ್ನಾದರೂ ಏಕೆ ಕೇಳುತ್ತಿತ್ತು? ಕಡತ ತೆರೆದು ನೋಡಿದಳು. ಅಲ್ಲಿ ಸ್ಥಿರ ವಿಳಾಸವೇ ಇರಲಿಲ್ಲ! ಯಂತ್ರ ಕೂರಿಸಿದಾಗ ವಿಳಾಸವನ್ನು ಆಜ್ಞೆಯಾಗಿ ಕೊಟ್ಟಿದ್ದರೇ ಹೊರತು ಕಡತದಲ್ಲಿ ಉಳಿಸಿರಲಿಲ್ಲ. ಮೊದಲು ಬಂದ ತಂತ್ರಜ್ಞನೂ ಹಾಗೆಯೇ ಮಾಡಿದ್ದ. ಕರೆಂಟು ಹೋದೊಡನೆ ಆ ಆಜ್ಞೆ ಗಾಳಿಗೆ ಹೋಗುತ್ತಿತ್ತು, ಯಂತ್ರ ಗೇಣಿ ಕೇಳಲು ಹೊರಡುತ್ತಿತ್ತು. ಇದೇ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೆಗೋಳಗಳಲ್ಲಿ ಅಶೋಕ ಚಕ್ರವರ್ತಿ ತನ್ನ ಹೆಸರು ಸಹಿತ ಆಜ್ಞೆಗಳನ್ನು ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಾಚೆಯೂ ಅವು ಉಳಿದಿವೆ. ಗಿರಣಿಯವರ ಆಜ್ಞೆ ಮುಂದಿನ ಕರೆಂಟು ಹೋಗುವವರೆಗೆ.

ಹಾಗಿದ್ದರೆ ಇಷ್ಟು ದಿನ ನಡೆದದ್ದು ಹೇಗೆ? ಹಳೆಯ ರೂಟರಿನಲ್ಲಿ ಯಾರೋ ಪುಣ್ಯಾತ್ಮರು, ಈ ಸರ್ವರು ಬಂದು ಕೇಳಿದರೆ ಹತ್ತನೆಯ ಮನೆಯನ್ನೇ ಕೊಡಬೇಕೆಂದು ಬರೆದಿಟ್ಟಿದ್ದರು. ಗೇಣಿದಾರನಾಗಿದ್ದರೂ ಪ್ರತಿ ಸಲ ಅದೇ ಮನೆ ಸಿಗುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಒಂದು ತಪ್ಪನ್ನು ಇನ್ನೊಂದು ಎಚ್ಚರಿಕೆ ಮುಚ್ಚಿಟ್ಟಿತ್ತು. ಈಗ ಎರಡನೆಯ ದಾತಾರ ಬಂದ ಮೇಲೆ ಯಾರು ಮೊದಲು ಓಗೊಡುವರೋ ಅವರ ಮಾತು ನಡೆಯತೊಡಗಿತು. ಹಳೆಯ ರೂಟರು ಗೆದ್ದ ದಿನ ಲೆಕ್ಕ ಸರಿ. ಸೋತ ದಿನ ಟ್ರಾಕ್ಟರುಗಳ ಸಾಲು. ಕರೆಂಟು ಹೋದ ಪ್ರತಿ ದಿನವೂ ಕೆಡದಿದ್ದುದರ ಗುಟ್ಟು ಇದು.

ಆ ಎರಡನೆಯ ದಾತಾರನನ್ನು ಹುಡುಕಬೇಕಾಗಿತ್ತು. ಜಾಲದ ಪ್ರತಿ ಯಂತ್ರಕ್ಕೂ ವಿಳಾಸವಲ್ಲದೆ ತಯಾರಕರೇ ಕೊಟ್ಟ ಹನ್ನೆರಡು ಸ್ಥಾನಗಳ ಒಂದು ಯಂತ್ರಾಂಕವಿರುತ್ತದೆ. ಅದರ ಮೊದಲರ್ಧದಿಂದ ತಯಾರಕರು ಯಾರೆಂದು ತಿಳಿಯಬಹುದು. ಗಿರಣಿಯ ರೂಟರಿನ ತಯಾರಕರೇ ಬೇರೆ, ಇದರ ತಯಾರಕರೇ ಬೇರೆ. ಆಕೆ ಸ್ವಿಚ್ಚಿನ ಬಳಿ ನಿಂತು ತಂತಿಗಳನ್ನು ಒಂದೊಂದಾಗಿ ಕಳಚುತ್ತ, ೦.೧ ಎಂಬ ವಿಳಾಸದಿಂದ ಉತ್ತರ ಬರುತ್ತಿದೆಯೋ ಇಲ್ಲವೋ ಎಂದು ನೋಡುತ್ತ ಹೋದಳು. ಐದನೆಯ ತಂತಿ ಕಳಚಿದಾಗ ಉತ್ತರ ನಿಂತಿತು. ತಂತಿ ಗೋಡೆಯಗುಂಟ ಹೋಗಿ, ಅಂಗಳ ದಾಟಿ, ವೇಬ್ರಿಜ್ಜಿನ ಕೋಣೆಗೆ ನುಗ್ಗಿತ್ತು. ಅಲ್ಲಿ ಬೀರುವಿನ ಮೇಲೆ, ಹಳೆಯ ಕ್ಯಾಲೆಂಡರಿನ ಹಿಂದೆ, ಹಸುರು ದೀಪ ಮಿಟುಕಿಸುತ್ತ ಒಂದು ಪುಟ್ಟ ವೈಫೈ ಪೆಟ್ಟಿಗೆ ಕುಳಿತಿತ್ತು.

“ಅದು ಹೋದ ತಿಂಗ್ಳು ಕ್ಯಾಮೆರಾ ಹಾಕಾಕ ಬಂದಿದ್ದ ಹುಡುಗ ಇಟ್ಟು ಹೋದ, ಮೇಡಂ” ಎಂದ ಗುಮಾಸ್ತ. “ಅದಕ್ಕೂ ಇದಕ್ಕೂ ಏನು ಸಂಬಂಧ?”

ಯಾರೂ ಮುಟ್ಟಿಲ್ಲವೆಂದು ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸರ್ವರನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಿದ್ದು ಅದರ ಬೀದಿಯನ್ನು. “ಯಾರು ಮುಟ್ಟಿದಿರಿ?” ಎಂದು ಕೇಳಿದರೆ ಜನ ಅಂಜಿ ಇಲ್ಲವೆನ್ನುತ್ತಾರೆ, “ಈಚೆಗೆ ಇಲ್ಲಿ ಹೊಸದಾಗಿ ಏನು ಬಂತು?” ಎಂದು ಕೇಳಿದರೆ ಕ್ಯಾಮೆರಾದಿಂದ ಹಿಡಿದು ಫ್ಯಾನಿನವರೆಗೆ ಎಲ್ಲವನ್ನೂ ಹೇಳುತ್ತಾರೆ.

ಗಿರಣಿಯಲ್ಲಿ ಗುಮಾಸ್ತ, ಸಾವುಕಾರರ ಮಗ, ಬಂದುಹೋಗುವ ತಂತ್ರಜ್ಞರು ಎಲ್ಲರೂ ಒಂದೇ ಹೆಸರಿನಿಂದ, ಒಂದೇ ಗುಪ್ತಪದದಿಂದ ಸರ್ವರಿನ ಒಳಹೊಗುತ್ತಿದ್ದರು. ದಿನಚರಿಯಲ್ಲಿ ‘ಅಡ್ಮಿನ್’ ಎಂಬ ಒಂದೇ ಸಹಿ. ಈ ಪ್ರಶ್ನೆಯನ್ನು ಕರ್ನಾಟಕ ಸರ್ಕಾರ ಬಹಳ ಹಿಂದೆಯೇ, ಬಹಳ ದೊಡ್ಡ ಪ್ರಮಾಣದಲ್ಲಿ ಎದುರಿಸಬೇಕಾಗಿತ್ತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದಾಗ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಅದಕ್ಕೆ ಮೊದಲು ಅವು ಸುಮಾರು ೯,೦೦೦ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. ಸರ್ವೆ ನಂಬರಿನ ಮುಂದೆ ಒಂದು ಹೆಸರು ಬದಲಾಗಿದ್ದರೆ ಬದಲಿಸಿದವರು ಯಾರೆಂದು ಹುಡುಕುವುದು ರೈತನ ಶಕ್ತಿಗೆ ಮೀರಿದ್ದು. ‘ಭೂಮಿ’ಯಲ್ಲಿ ದಾಖಲೆ ತಿದ್ದುವ ನೌಕರ ಬರಿಯ ಗುಪ್ತಪದದಿಂದಲ್ಲ, ತನ್ನ ಬೆರಳಚ್ಚಿನಿಂದ ಒಳಹೊಗಬೇಕೆಂದು ಗೊತ್ತುಮಾಡಿದರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲಿಯೇ ವಿಲೇವಾರಿಯಾಗಬೇಕು, ತಕರಾರಿಗೆ ೩೦ ದಿನಗಳ ನೋಟೀಸು ಇರಬೇಕು ಎಂದಾಯಿತು. ಇದರಿಂದ ತಪ್ಪುಗಳೆಲ್ಲ ನಿಂತವೆಂದು ಯಾರೂ ಹೇಳಲಾರರು. ಆದರೆ “ನಾನು ಮಾಡಿಲ್ಲ” ಎನ್ನುವುದು ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಕಡತದ ಮೇಲೆ ಕಾವಲಿಟ್ಟು, ಯಾವ ಹೊತ್ತಿಗೆ ಯಾವ ಹೆಸರಿನವರು, ಯಾವ ತಂತ್ರಾಂಶದ ಮೂಲಕ ಬರೆದರೆಂದು ದಾಖಲಿಸುವ ಸೌಕರ್ಯ ಇಂದು ಸಾಧಾರಣ ಸರ್ವರುಗಳಲ್ಲಿಯೂ ಉಂಟು. ಅದನ್ನು ಚಾಲೂ ಮಾಡಿಟ್ಟವರು ಎಷ್ಟು ಮಂದಿ?

ಕಾರಣ ಸಿಕ್ಕಿದ ಮೇಲೂ ತಿದ್ದುವ ಕೆಲಸ ಸುಲಭವಲ್ಲ. ಜಾಲದ ಸೆಟ್ಟಿಂಗನ್ನು ಜಾಲದ ಮೂಲಕವೇ, ದೂರದಿಂದ ತಿದ್ದುವುದೆಂದರೆ ಕುಳಿತ ಕೊಂಬೆಯ ಬುಡಕ್ಕೆ ಕೊಡಲಿ ಹಾಕಿದಂತೆ. ೨೦೨೧ರ ಅಕ್ಟೋಬರ್ ೪ರ ರಾತ್ರಿ ಫೇಸ್‌ಬುಕ್ಕು, ವಾಟ್ಸಾಪು, ಇನ್‌ಸ್ಟಾಗ್ರಾಮುಗಳು ಲೋಕದಾದ್ಯಂತ ಸುಮಾರು ಆರು ಗಂಟೆಗಳ ಕಾಲ ನಿಂತುಹೋದುದನ್ನು ವಾಚಕರು ಮರೆತಿರಲಾರರು. ಅನೇಕರು ಅದನ್ನು ಶತ್ರುಗಳ ಕೃತ್ಯವೆಂದು ಊಹಿಸಿದರು. ನಡೆದದ್ದು ಇಷ್ಟೆ: ತಮ್ಮ ಬೃಹತ್ ಕೇಂದ್ರಗಳನ್ನು ಜೋಡಿಸುವ ಜಾಲದ ಶಕ್ತಿಯನ್ನು ಅಳೆಯಲು ಅಲ್ಲಿಯ ನೌಕರರು ಕೊಟ್ಟ ಒಂದು ಆಜ್ಞೆ, ಜೋಡಣೆಯನ್ನೆಲ್ಲ ಕಡಿದುಹಾಕಿತು. ಅಂಥ ಆಜ್ಞೆಗಳನ್ನು ತಡೆಯಬೇಕಾಗಿದ್ದ ಪರೀಕ್ಷಕ ತಂತ್ರಾಂಶದಲ್ಲಿಯೇ ದೋಷವಿತ್ತು. ಹೆಸರುಗಳಿಗೆ ವಿಳಾಸ ಹೇಳುವ ಅವರ ಸರ್ವರುಗಳು, ತಮ್ಮ ಕೇಂದ್ರದೊಡನೆ ಸಂಪರ್ಕ ತಪ್ಪಿದುದನ್ನು ಕಂಡು, ತಾವೂ ಲೋಕದ ಭೂಪಟದಿಂದ ಹಿಂದೆಗೆದವು. ಸರಿಪಡಿಸುವ ಸಲಕರಣೆಗಳೂ ಅದೇ ಜಾಲವನ್ನು ಅವಲಂಬಿಸಿದ್ದುದರಿಂದ ಎಂಜಿನಿಯರುಗಳು ಖುದ್ದಾಗಿ ಕಟ್ಟಡಗಳಿಗೆ ಹೋಗಿ, ಕಾವಲುಗಳನ್ನು ದಾಟಿ, ಯಂತ್ರಗಳ ಮುಂದೆ ಕೂರಬೇಕಾಯಿತು.

ಆದ್ದರಿಂದ ಬಳ್ಳಾರಿಯಲ್ಲಿ ಕುಳಿತು ಸಿರುಗುಪ್ಪದ ಸರ್ವರನ್ನು ತಿದ್ದುವವರು ಮೊದಲು ಹಿಂದಿರುಗುವ ದಾರಿಯನ್ನು ಕಟ್ಟಿಕೊಳ್ಳಬೇಕು. ಉಬುಂಟು ಸರ್ವರುಗಳಲ್ಲಿ ಇದಕ್ಕೊಂದು ಉಪಾಯವಿದೆ. ಹೊಸ ಸೆಟ್ಟಿಂಗನ್ನು ಪರೀಕ್ಷೆಗೆಂದು ಹಾಕಿದರೆ ಅದು ೧೨೦ ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಸರಿಯೆಂದು ಒಪ್ಪಿಗೆ ಬಾರದಿದ್ದರೆ ಹಳೆಯದಕ್ಕೆ ಹಿಂದಿರುಗುತ್ತದೆ. ತಿದ್ದಿದವರ ಸಂಪರ್ಕವೇ ಕಡಿದುಹೋಗಿದ್ದರೆ ಒಪ್ಪಿಗೆ ಎಲ್ಲಿಂದ ಬರಬೇಕು? ಆ ಮೌನವನ್ನೇ ಅದು ಉತ್ತರವೆಂದು ತಿಳಿಯುತ್ತದೆ. ಈ ಅನುಕೂಲವಿಲ್ಲದ ಯಂತ್ರಗಳಲ್ಲಿ, ಹತ್ತು ನಿಮಿಷಗಳ ಮೇಲೆ ಹಳೆಯ ಕಡತವನ್ನು ಮರಳಿ ಹಾಕುವಂತೆ ಮೊದಲೇ ಗೊತ್ತುಮಾಡಿ, ಎಲ್ಲ ಸರಿಹೋದರೆ ಆ ಆಜ್ಞೆಯನ್ನು ರದ್ದುಮಾಡುವುದು ಬಲ್ಲವರ ರೂಢಿ.

ಗಿರಣಿಯ ತರುಣಿಗೆ ಆ ಚಿಂತೆ ಇರಲಿಲ್ಲ. ಯಂತ್ರದ ಎದುರಿನಲ್ಲಿಯೇ ಕುಳಿತಿದ್ದಳು. ಮೊದಲು ಸ್ಥಿರ ವಿಳಾಸವನ್ನು ಕಡತದಲ್ಲಿ ಬರೆದು ಉಳಿಸಿದಳು. ಬೀರುವಿನ ಮೇಲಿನ ಪೆಟ್ಟಿಗೆ ವಿಳಾಸ ಹಂಚುವುದನ್ನು ನಿಲ್ಲಿಸಿ, ಅದಕ್ಕೆ ಒಂದನೆಯ ಬೀದಿಯಲ್ಲಿಯೇ ಒಂದು ಮನೆ ಕೊಟ್ಟು, ಕ್ಯಾಮೆರಾದ ಕೆಲಸಕ್ಕೆ ಮಾತ್ರ ಬಿಟ್ಟಳು. ರೂಟರು ಇತರರಿಗೆ ಗೇಣಿ ಕೊಡುವ ವಿಳಾಸಗಳ ಸಾಲಿನಿಂದ ಹತ್ತನೆಯದನ್ನು ಹೊರಗಿಟ್ಟಳು. ಗುಮಾಸ್ತನಿಗೂ ಸಾವುಕಾರರ ಮಗನಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಗುಪ್ತಪದ ಮಾಡಿಕೊಟ್ಟಳು. ನಾಲ್ಕು ಅಂಕೆಗಳನ್ನೂ ದಿನಾಂಕವನ್ನೂ ನೋಟು ಪುಸ್ತಕದಲ್ಲಿ ಬರೆದು ಪುಸ್ತಕವನ್ನು ಸರ್ವರಿನ ಪಕ್ಕದಲ್ಲಿಯೇ ದಾರದಿಂದ ಕಟ್ಟಿಸಿದಳು.

“ಆತೇನಮ್ಮಾ?” ಎಂದರು ಸಾವುಕಾರರು. ಹೊರಗೆ ಟ್ರಾಕ್ಟರುಗಳ ಹಾರನ್ನು ಕೇಳುತ್ತಿತ್ತು.

“ಇನ್ನೊಂದು ಕೆಲ್ಸ ಐತ್ರಿ ಸಾವ್ಕಾರ್ರೇ. ಲೆಕ್ಕ ಬರೆಯೋದನ್ನ ಒಂದೈದು ನಿಮಿಷ ನಿಲ್ಸಾಕ ಹೇಳ್ರಿ.”

ಲೆಕ್ಕದ ತಂತ್ರಾಂಶವನ್ನು ಮುಚ್ಚಿಸಿ, ಆಕೆ ಸರ್ವರನ್ನು ಕ್ರಮವಾಗಿ ನಿಲ್ಲಿಸಿ ಮತ್ತೆ ಎಬ್ಬಿಸಿದಳು. ವಿಳಾಸ ಒಂದನೆಯ ಬೀದಿ, ಹತ್ತನೆಯ ಮನೆ. ಎರಡನೆಯ ಸಲ ಜಾಲದ ತಂತಿಯನ್ನು ಕಳಚಿ ಸಿಕ್ಕಿಸಿದಳು, ಅದೇ ವಿಳಾಸ. ಮೂರನೆಯ ಸಲ ಹಳೆಯ ರೂಟರನ್ನು ಆರಿಸಿಟ್ಟು, ಬೀರುವಿನ ಮೇಲಿನ ಪೆಟ್ಟಿಗೆಯೊಂದನ್ನೇ ಉಳಿಸಿ, ಸರ್ವರನ್ನು ಮತ್ತೆ ನಿಲ್ಲಿಸಿ ಎಬ್ಬಿಸಿದಳು. ಯಂತ್ರ ಎದ್ದಿತು, ಯಾರನ್ನೂ ಏನನ್ನೂ ಕೇಳಲಿಲ್ಲ. ರೂಟರು ಹೊತ್ತಿಕೊಂಡ ಮೇಲೆ ಕುರುಗೋಡಿನ ಉಗ್ರಾಣದಿಂದ ಫೋನು ಬಂದಿತು, ಲೆಕ್ಕ ಕಾಣಿಸುತ್ತಿದೆಯೆಂದು. ಗುಮಾಸ್ತ ಕೈಬರಹದ ಚೀಟಿ ಪುಸ್ತಕವನ್ನು ಮಡಿಚಿ ಬೀರುವಿನೊಳಗಿಟ್ಟು, ಸಾಲಿನ ಮೊದಲ ಟ್ರಾಕ್ಟರಿಗೆ ಕೈಬೀಸಿದ.